ಎಸ್ಸೆಸ್ಸೆಲ್ಸಿ ಬಂದರೆ ಸಂಗೀತ ಯಾಕೆ ನಿಲ್ಲಬೇಕು?

ದಾವಣಗೆರೆಯಲ್ಲಿ ನಾನು ಬೆಳೆದ ಬೀದಿಯಲ್ಲಿ ಸಂಗೀತಕ್ಕೆ ಹೋಗದ ಹೆಣ್ಣುಮಕ್ಕಳೇ ಕಡಿಮೆ. ಸಂಜೆಯಾದರೆ ಮೇಷ್ಟ್ರ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಚಾಪೆ, ಮೊದಲು ಭೂಪಾಲಿ, ದುರ್ಗಾ ರಾಗ, ಕೊನೆಗೊಂದು ವಚನ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದವರ ಮನೆಯಿಂದ ಬೀದಿಗೆಲ್ಲ ಸಿಹಿ. ಆದರೆ ಹತ್ತನೇ ಕ್ಲಾಸು ಬಂತೆಂದರೆ ಒಬ್ಬೊಬ್ಬರೇ ಬಿಡುತ್ತಿದ್ದರು. ಆ ಹೊತ್ತು ಟ್ಯೂಷನ್ ಪಾಲಾಗುತ್ತಿತ್ತು. ನನ್ನದೂ ಹಾಗೇ ಆಯಿತು. ಊರ ತುಂಬಾ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು. ಹೆತ್ತವರ ಆಸೆ ಅತ್ತ ಹರಿದರೆ ತಪ್ಪೆನ್ನಲಾರೆ. ಆದರೆ ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಗಳ ಶಾಲೆ ನೋಡಿದ ಮೇಲೆ, ಓದಿಗೂ ಸಂಗೀತಕ್ಕೂ ನಾವು ಹಾಕಿಕೊಂಡ ಜಗಳ ಬೇಕಿರಲಿಲ್ಲ ಅಂತ ಗಟ್ಟಿಯಾಗಿ ಅನ್ನಿಸುತ್ತಿದೆ.

ಮಗಳು ಇಯರ್ ಫೋರ್, ಅಂದರೆ ಎಂಟು ಒಂಬತ್ತರ ವಯಸ್ಸು. ವರ್ಷದ ಮೊದಲಲ್ಲೇ ಶಾಲೆಯವರು ತರಗತಿಯ ಎಲ್ಲ ಮಕ್ಕಳ ಕೈಗೂ ಒಂದೊಂದು ಪಿಟೀಲು ಕೊಟ್ಟರು. ಆಯ್ಕೆ ಇಲ್ಲ, ಪರೀಕ್ಷೆ ಇಲ್ಲ, ಚೆನ್ನಾಗಿ ಹಾಡುವವರಿಗೆ ಮಾತ್ರ ಅನ್ನುವುದೂ ಇಲ್ಲ. ಅವಳದು ಅರ್ಧ ಸೈಜಿನದು. ಮೊದಲ ವಾರಗಳಲ್ಲಿ ಕಮಾನು ಮುಟ್ಟಿಸಲಿಲ್ಲ, ನಡುವಿನ ಎರಡು ತಂತಿ, ಡಿ ಮತ್ತು ಎ, ಬೆರಳಲ್ಲಿ ಮೀಟುವುದಷ್ಟೇ.

ಚಳಿಗಾಲದಲ್ಲಿ ಊರಿಗೂ ನಮಗೂ ಐದೂವರೆ ಗಂಟೆ ಅಂತರ. ಅವಳು ಶಾಲೆಯಿಂದ ಬರುವಷ್ಟರಲ್ಲಿ ಊರಲ್ಲಿರುವ ನನ್ನ ಅಪ್ಪನ ಊಟ ಮುಗಿದಿರುತ್ತದೆ. ವಿಡಿಯೋ ಕಾಲ್‌ನಲ್ಲಿ ಅವಳು ತಂತಿ ಮೀಟಿದ್ದೇ ತಡ, ಅಪ್ಪ ಹಾರ್ಮೋನಿಯಂ ಎಳೆದುಕೊಂಡು 'ಬಿಳಿ ಎರಡು' ಅನ್ನುವ ಮನೆ, ಅಂದರೆ ಅದೇ ಡಿ ಸ್ವರ, ಒತ್ತಿದರು. "ಏನವ್ವಾ, ಇದು ಸಾ, ಆ ಕಡೀದು ಪಾ. ನಿಮ್ಮ ಮಿಸ್ಸು ಸರಿಯಾಗೇ ಶುರು ಮಾಡ್ಯಾರೆ. ಇನ್ನೊಂದ್ಸಲ ಬಾರ್ಸು ನೋಡಾನ." ಪಿಟೀಲಿನ ಪಕ್ಕಪಕ್ಕದ ತಂತಿಗಳ ನಡುವೆ ಇರುವುದು ಷಡ್ಜ ಪಂಚಮದ, ಅಂದರೆ ಸಾ ಪಾ ನಡುವಿನ, ಅಂತರವೇ. ಮುಂದೆ ಅವಳು ಡಿ ಮೇಜರ್ ಸ್ಕೇಲ್ ನುಡಿಸಿದಾಗ ಅಪ್ಪ, "ಬಿಲಾವಲ್ ಬಂತಲ್ಲೇ!" ಅಂತ ಕೂತಲ್ಲಿಂದ ಎದ್ದೇಬಿಟ್ಟರು. ಎಲ್ಲ ಶುದ್ಧ ಸ್ವರಗಳ ನಮ್ಮ ಬಿಲಾವಲ್‌ಗೂ ಆ ಸ್ಕೇಲಿಗೂ ಸ್ವರಗಳು ಒಂದೇ. ಅವಳಿಗೆ ಅದು ಎರಡು ಬೇರೆ ಬೇರೆ ಪಾಠ ಅಂತ ಅನ್ನಿಸಿಯೇ ಇಲ್ಲ.

ಓದು ಹಗುರ ಅಂತ ಯಾರೂ ತಿಳಿಯಬೇಡಿ. ಇದೇ ತರಗತಿಗೆ ಜೂನ್‌ನಲ್ಲಿ ಮಗ್ಗಿ ಪರೀಕ್ಷೆ ಇದೆ: 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು, ಹನ್ನೆರಡರ ಮಗ್ಗಿವರೆಗೆ. ಅದಕ್ಕೂ ಅಜ್ಜನದೇ ತರಬೇತಿ. ಆದರೆ ಟೀಚರ್ ಜೊತೆಗಿನ ಹತ್ತು ನಿಮಿಷದ ಭೇಟಿಯಲ್ಲಿ ಯಾವ ಮಗು ಎಷ್ಟನೇ ಸ್ಥಾನ ಅನ್ನುವ ಮಾತೇ ಬರಲಿಲ್ಲ.

ಇಲ್ಲಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ 5ರಿಂದ 14 ವಯಸ್ಸಿನವರೆಗೂ ಸಂಗೀತ ಇದೆ. ಹೊರಗೆ ಕಲಿಯುವವರಿಗೆ 1889ರಲ್ಲಿ ಶುರುವಾದ ಎಬಿಆರ್‌ಎಸ್‌ಎಂ ಅನ್ನುವ ಸಂಗೀತ ಪರೀಕ್ಷಾ ಮಂಡಳಿಯ ಎಂಟು ಗ್ರೇಡುಗಳಿವೆ, ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಇದ್ದ ಹಾಗೆ. ಎದುರು ಕೂತು ನುಡಿಸುವ ಪರೀಕ್ಷೆಗೆ 150 ಅಂಕ, 100 ಬಂದರೆ ಪಾಸು. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಆರನೇ ಗ್ರೇಡಿನಿಂದ ಮೇಲೆ ಪಾಸಾದರೆ ಅದು ವಿಶ್ವವಿದ್ಯಾಲಯದ ಪ್ರವೇಶದ ಪಾಯಿಂಟ್‌ಗಳಿಗೂ ಸೇರುತ್ತದೆ. ದೊಡ್ಡ ಪರೀಕ್ಷೆಯ ವಯಸ್ಸಿನಲ್ಲಿ ಪಿಟೀಲು ಹಿಡಿದ ಹುಡುಗಿಗೆ ಯಾರೂ "ಇದನ್ನ ಬಿಡು" ಅನ್ನಬೇಕಿಲ್ಲ.

ಕೊರತೆ ಇಲ್ಲೂ ಇದೆ. ಆ ಒಂದು ವರ್ಷ ಮುಗಿದ ಮೇಲೆ ಪಿಟೀಲು ವಾಪಸು, ಮುಂದಿನ ಪಾಠಕ್ಕೆ ಕೈಯಿಂದ ದುಡ್ಡು. ಮೇಲಿನ ತರಗತಿಯಲ್ಲಿ ಬಹುಪಾಲು ಮಕ್ಕಳು ಅಲ್ಲಿಗೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಅವರಲ್ಲಿ ನಮ್ಮವಳಿಗಿಂತ ಕಿವಿ ಚುರುಕಿದ್ದವರೂ ಇದ್ದರು. ಅರ್ಧ ಗಂಟೆ ಪಾಠಕ್ಕೆ ಇಲ್ಲಿ ಕೊಡುವ ದುಡ್ಡಿನಲ್ಲಿ ದಾವಣಗೆರೆಯಲ್ಲಿ ಒಂದು ತಿಂಗಳು ಮೇಷ್ಟ್ರ ಮನೆಗೆ ಹೋಗಿಬರಬಹುದು. ಅದನ್ನು ನೆನೆದಾಗೆಲ್ಲ ಊರಲ್ಲಿರುವವರು ಕೈಗೆ ಸಿಕ್ಕಿದ್ದನ್ನು ಬಿಟ್ಟುಕೊಡುತ್ತಿದ್ದಾರಲ್ಲ ಅಂತ ಸಂಕಟವಾಗುತ್ತದೆ.

ತಮ್ಮನ ಮಗ ಈ ಸಲ ಒಂಬತ್ತನೇ ಕ್ಲಾಸು. ತಬಲಾದಲ್ಲಿ ತೀನ್‌ತಾಲ್, ಝಪ್‌ತಾಲ್ ಅನ್ನುವ ತಾಳಗಳನ್ನು ದಾಟಿ, ಬೋಲುಗಳನ್ನು ಬೆಳೆಸಿ ನುಡಿಸುವ ಕಾಯ್ದಾಗೆ ಬಂದಿದ್ದಾನೆ. ಮುಂದಿನ ವರ್ಷ ಬಿಡಿಸೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಕಳೆದ ವಾರ ತಮ್ಮನಿಗೆ ಹೇಳಿದೆ, "ಟ್ಯೂಷನ್ ಕಳಿಸು, ಬೇಡ ಅನ್ನಲ್ಲ. ವಾರಕ್ಕೆರಡು ಸಂಜೆ ತಬಲಾ ಇರ್ಲಿ." "ನೋಡಾನ ಅಕ್ಕ, ಅವನ್ನೂ ಒಂದ್ ಮಾತು ಕೇಳ್ತೀನಿ" ಅಂದ. ಹುಡುಗನನ್ನು ಕೇಳುವುದಾಗಿ ಒಪ್ಪಿದನಲ್ಲ, ನನಗೆ ಅರ್ಧ ಗೆದ್ದಷ್ಟು ಸಂತೋಷವಾಗಿದೆ. ಉಳಿದರ್ಧಕ್ಕೆ ಅಪ್ಪನನ್ನು ಛೂ ಬಿಟ್ಟಿದ್ದೇನೆ.