ಇಂಡಿಕಾ ಎನಿಸಿಕೊಂಡ ಒಮಾನಿನ ಪಚ್ಚಿಲೆ

ಕರಾವಳಿಯಲ್ಲಿ ಬೆಳೆದ ನನಗೆ ಪಚ್ಚಿಲೆಯೆಂದರೆ, ಅಂದರೆ ಕಡಲ ಬಂಡೆಗಳಿಗೆ ಅಂಟಿ ಬೆಳೆಯುವ, ನಾವು ತಿನ್ನುವ ಚಿಪ್ಪುಜೀವಿಯೆಂದರೆ, ಅಂಚಿನಲ್ಲಿ ಹಸಿರು ಮಿರುಗುವ ಚಿಪ್ಪೇ ಸರಿ. ಹಾಗಾಗಿ ಕೆಲವು ವರ್ಷಗಳ ಹಿಂದೆ ತಿರುವನಂತಪುರದ ಹತ್ತಿರದ ವಿಳಿಂಜಂನಲ್ಲಿ ಬುಟ್ಟಿ ತುಂಬ ಕಂದು ಬಣ್ಣದವುಗಳನ್ನು ಕಂಡಾಗ, ಅವು ಹಳಸಿದ ಮಾಲಿರಬೇಕೆಂದು ನಾನು ಭಾವಿಸಿದ್ದೆ. ಅಲ್ಲಿಯವರು ಚಿಪ್ಪಿ ಎಂದು ಕರೆಯುವ ಅದು ಬೇರೆಯೇ ಪ್ರಭೇದ. ನಮ್ಮ ಹಸಿರು ಪಚ್ಚಿಲೆ ಪರ್ನಾ ವಿರಿಡಿಸ್. ಆ ಕಂದು ಪಚ್ಚಿಲೆಗೆ ಕುರಿಯಾಕೋಸ್ ಮತ್ತು ನಾಯರ್ 1976ರಲ್ಲಿ ಪರ್ನಾ ಇಂಡಿಕಾ ಎಂದು ಹೆಸರಿಟ್ಟರು. ಕೇರಳದ ದಕ್ಷಿಣ ಭಾಗ ಮತ್ತು ಅದಕ್ಕೆ ತಗುಲಿದ ತಮಿಳುನಾಡಿನ ಕರಾವಳಿಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲವೆಂದು ನಾಲ್ಕು ದಶಕ ನಂಬಲಾಗಿತ್ತು.

2016ರಲ್ಲಿ ನ್ಯೂಜಿಲೆಂಡ್ ಹಾಗೂ ಭಾರತದ ಸಂಶೋಧಕರು ಚಿಪ್ಪಿನ ಆಕಾರವನ್ನೂ ಡಿಎನ್‌ಎಯನ್ನೂ ಒಟ್ಟಿಗೆ ಪರಿಶೀಲಿಸಿ, ಇದು ಪ್ರತ್ಯೇಕ ಪ್ರಭೇದವಲ್ಲ, 1758ರಲ್ಲೇ ಜೀವವರ್ಗೀಕರಣದ ವಿಜ್ಞಾನಿ ಲಿನೇಯಸ್ ಹೆಸರಿಸಿದ್ದ ಪರ್ನಾ ಪರ್ನಾ ಎಂದೂ, ಒಮಾನಿನ ಕಡೆಯಿಂದ ನೂರು ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದು ಸೇರಿದೆಯೆಂದೂ ತೀರ್ಮಾನಿಸಿದರು. ಮೊದಲು ಹೆಸರಿಟ್ಟವರದು ಅಜಾಗರೂಕತೆಯೆಂದು ನನಗೆ ಅನ್ನಿಸುವುದಿಲ್ಲ. ಅಲೆಯ ಹೊಡೆತ, ಆಹಾರ, ಒತ್ತೊತ್ತಾಗಿ ಬೆಳೆಯುವ ಜಾಗ ಇವುಗಳಿಗೆ ತಕ್ಕಂತೆ ಪಚ್ಚಿಲೆಯ ಚಿಪ್ಪು ಆಕಾರ ಬದಲಿಸುತ್ತದೆ. ಚಿಪ್ಪನ್ನಷ್ಟೇ ನೋಡಿ ಒಂದು ಕಡಲಿನದನ್ನು ಇನ್ನೊಂದು ಕಡಲಿನದಕ್ಕೆ ಹೋಲಿಸುವುದು ಕಷ್ಟದ ಕೆಲಸ.

ಪಚ್ಚಿಲೆ ಗುಂಪುಗಳ ನಡುವೆ ಆನುವಂಶಿಕ ಗಡಿಗಳೇ, ಅಂದರೆ ಒಂದು ಗುಂಪಿನ ಡಿಎನ್‌ಎ ಇನ್ನೊಂದರದಕ್ಕಿಂತ ಬೇರೆಯಾಗುವ ಗೆರೆಗಳೇ, ಇರಬಾರದೆಂದು ಮೇಲ್ನೋಟಕ್ಕೆ ತೋರುತ್ತದೆ. ದೊಡ್ಡವು ರೇಷ್ಮೆಯಂಥ ಎಳೆಗಳಿಂದ ಬಂಡೆಗೆ ಅಂಟಿಕೊಂಡಿದ್ದರೂ, ಹೆಣ್ಣು ಒಮ್ಮೆಗೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಅವುಗಳಿಂದ ಹೊರಟ ಲಾರ್ವಾಗಳು, ಅಂದರೆ ಪುಟ್ಟ ಎಳೆಮರಿಗಳು, ವಾರಗಟ್ಟಲೆ ಪ್ರವಾಹದೊಡನೆ ತೇಲಿ, ಆಮೇಲೆ ನೆಲೆ ಹುಡುಕುತ್ತವೆ. ತಲೆಮಾರಿಗೆ ಒಂದೆರಡು ವಲಸಿಗರು ಬಂದು ಸಂತಾನ ಬಿಟ್ಟರೂ ಎರಡು ಗುಂಪುಗಳು ತೀರಾ ಬೇರೆಯಾಗಿ ಕವಲೊಡೆಯುವುದಿಲ್ಲ ಎಂಬುದು ತಳಿವಿಜ್ಞಾನಿ ಸೀವಲ್ ರೈಟ್ ಅವರ ಲೆಕ್ಕಾಚಾರದಿಂದ ಬಂದ ಹಳೆಯ ನಿಯಮ.

ಆದರೂ ಗಡಿಗಳು ಕಾಣಿಸುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಇದೇ ಪರ್ನಾ ಪರ್ನಾ, ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎಯಲ್ಲಿ ಪೂರ್ವ ಮತ್ತು ಪಶ್ಚಿಮ ಎಂಬ ಎರಡು ವಂಶಗಳಾಗಿ ಒಡೆದುಕೊಂಡಿದ್ದು, ಆಗ್ನೇಯ ಕರಾವಳಿಯಲ್ಲಷ್ಟೇ ಎರಡೂ ಒಟ್ಟಿಗೆ ಸಿಗುತ್ತವೆ. ಅಲ್ಲಿ ಗೋಡೆಯಿಲ್ಲ, ನೀರು ನಿರಂತರವಾಗಿ ಹರಿಯುತ್ತಲೇ ಇದೆ. ಆದರೆ ಪ್ರವಾಹದ ತಿರುವುಗಳು ಲಾರ್ವಾಗಳನ್ನು ತಡೆಯುತ್ತವೆ, ಮೇಲಾಗಿ ಬಂದು ತಲುಪಿದವೆಲ್ಲ ಬದುಕುವುದೂ ಇಲ್ಲ: ಪ್ರಯೋಗಗಳಲ್ಲಿ ಪೂರ್ವದ ವಂಶವು ಬಿಸಿಯನ್ನೂ ಮರಳು ಮುಚ್ಚುವುದನ್ನೂ ಪಶ್ಚಿಮದ್ದಕ್ಕಿಂತ ಹೆಚ್ಚು ತಾಳಿಕೊಂಡಿತು. ತಲುಪುವುದು ಬೇರೆ, ನೆಲೆಯೂರುವುದು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸುಲಭವಾಗಿ ನೆನಪಾಗುವುದಿಲ್ಲ.

ಇಂಥ ಗಡಿಗಳ ನಕ್ಷೆ ಕೈಯಲ್ಲಿದ್ದರೆ, ಯಾವ ಗುಂಪು ಅದಕ್ಕೆ ಹೊಂದುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ವಿಳಿಂಜಂನ ಪಚ್ಚಿಲೆ ತನ್ನ ಸಮೀಪದ ಬಂಧುಗಳಿಂದ ಇಡೀ ಅರಬ್ಬೀ ಸಮುದ್ರದಷ್ಟು ದೂರದಲ್ಲಿದೆ. ಲಾರ್ವಾ ಅಷ್ಟು ದೂರ ತಾನಾಗಿ ತೇಲಿ ಬರುವುದಕ್ಕಿಂತ, ದೊಡ್ಡ ಪಚ್ಚಿಲೆಗಳು ಮರದ ಹಡಗುಗಳ ತಳಕ್ಕೆ ಅಂಟಿಕೊಂಡು ಬಂದಿರುವುದು ನನಗೆ ಹೆಚ್ಚು ಸಂಭವನೀಯವೆನಿಸುತ್ತದೆ. ಮಲಬಾರಿಗೂ ಒಮಾನಿಗೂ ಇದ್ದ ವ್ಯಾಪಾರವೇನೂ ಹೊಸದಲ್ಲ. ನಮ್ಮ ಹಸಿರು ಪಚ್ಚಿಲೆಯೂ ಇದೇ ಬಗೆಯ ಪ್ರಯಾಣಿಕ. 1990ರ ಸುಮಾರಿಗೆ ಟ್ರಿನಿಡಾಡ್‌ನಲ್ಲಿ ಕಾಣಿಸಿಕೊಂಡ ಅದು, 1999ರಲ್ಲಿ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ವಿದ್ಯುತ್ ಸ್ಥಾವರಗಳಿಗೆ ತಂಪುನೀರು ಸಾಗಿಸುವ ಸುರಂಗಗಳಲ್ಲಿ ಪತ್ತೆಯಾಯಿತು. ಅಲ್ಲಿಯವರಿಗೆ ಅದು ಉಪದ್ರವ, ನಮಗೆ ಸುಕ್ಕ ಎಂಬ ಮಸಾಲೆ ಪಲ್ಯ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಹಡಗಲ್ಲ, ಲಾರಿ. ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಪಚ್ಚಿಲೆ ಸಾಕುವವರಿಗೆ ಬೀಜದ ಮರಿಗಳು ಬೇಕು. ಅವನ್ನು ಕಡಲ ಬಂಡೆಗಳಿಂದ ಕೆರೆದು ತರುತ್ತಾರೆ, ಹತ್ತಿರ ಸಿಗದಿದ್ದರೆ ದೂರದಿಂದ ತರಿಸುತ್ತಾರೆ. ಕೃಷಿಗೆ ಅದು ಅನಿವಾರ್ಯವೆಂದು ಬಲ್ಲೆ. ಆದರೆ ಹಾಗೆ ತಂದವು ಹೊಸ ಜಾಗದಲ್ಲಿ ಮೊಟ್ಟೆಯಿಟ್ಟು ಅಲ್ಲಿನ ಗುಂಪಿನೊಡನೆ ಬೆರೆತರೆ, ಮುಂದೊಂದು ದಿನ ಡಿಎನ್‌ಎ ಓದುವವರಿಗೆ ಯಾವ ಹೋಲಿಕೆಯನ್ನು ಪ್ರವಾಹ ತಂದಿತು, ಯಾವುದನ್ನು ಲಾರಿ ತಂದಿತು ಎಂದು ಬಿಡಿಸಿ ಹೇಳುವುದು ಕಠಿಣವಾಗುತ್ತದೆ. ಬೀಜ ಇಳಿಸುವ ಮುನ್ನ ಪ್ರತಿ ಅಳಿವೆಯಿಂದ ಒಂದು ಹಿಡಿ ಪಚ್ಚಿಲೆಯನ್ನು ಆಲ್ಕೋಹಾಲಿನಲ್ಲಿ ತೆಗೆದಿಟ್ಟು, ಸ್ಥಳ ಮತ್ತು ದಿನಾಂಕದ ಚೀಟಿ ಅಂಟಿಸಿದರೂ ಸಾಕು.