ಪ್ಯಾನೆಲ್ ಬೆವರಿದ ಬೆಳಿಗ್ಗೆ

2021ರ ನವೆಂಬರ್ ಮಳೆ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಯಲಹಂಕದ ಕಡೆ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಕರೆತಂದಿದ್ದರು. ನಾನಾಗ ಹೊಸಕೋಟೆ ಹತ್ತಿರ ಒಂದು ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ವೈಟ್‌ಫೀಲ್ಡ್ ಕಡೆ ಒಂದು ಡೇಟಾ ಸೆಂಟರ್ ಏಳುತ್ತಿತ್ತು. ಅದರ ಸಾಮಾನೆಲ್ಲ ಮೊದಲು ನಮ್ಮಲ್ಲಿ ಇಳಿದು, ಆಮೇಲೆ ಸೈಟಿಗೆ ಹೋಗಬೇಕು.

ಡೇಟಾ ಸೆಂಟರ್ ಅಂದರೆ ಸರ್ವರ್ ಅಂತಲೇ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಸರ್ವರ್ ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಟ್ರಾನ್ಸ್‌ಫಾರ್ಮರ್, ಜನರೇಟರ್, ತಣ್ಣಗಿಡುವ ಚಿಲ್ಲರ್, ಕರೆಂಟ್ ಹಂಚುವ ಎಲ್‌ಟಿ ಪ್ಯಾನೆಲ್, ಕರೆಂಟ್ ಒಯ್ಯುವ ಲೋಹದ ಪಟ್ಟಿಗಳಿರುವ ಬಸ್‌ಡಕ್ಟ್, ಯುಪಿಎಸ್, ಅದಕ್ಕೆ ನೂರಾರು ಬ್ಯಾಟರಿ. ಇವೆಲ್ಲ ಕಟ್ಟಡ ಸಿದ್ಧವಾಗುವ ಹೊತ್ತಿಗೆ ಸರಿಯಾಗಿ ಬಂದರೆ ಚಿಂತೆಯಿಲ್ಲ. ಆ ವರ್ಷ ಹಾಗಾಗಲಿಲ್ಲ. ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ದೊಡ್ಡ ಹಡಗೊಂದು ಅಡ್ಡ ಸಿಕ್ಕಿಕೊಂಡಿತ್ತು. ಕಂಟೇನರ್ ಸಿಗುತ್ತಿರಲಿಲ್ಲ, ಚಿಪ್ಪಿಗೂ ಬರ. ತಡವಾದರೆ ಕಷ್ಟ ಅಂತ ಎಲ್ಲವನ್ನೂ ಬೇಗ ಆರ್ಡರ್ ಮಾಡಿದ್ದರು. ಅಷ್ಟರಲ್ಲಿ ಕೊರೊನಾ ಎರಡನೇ ಅಲೆ ಬಂತು, ಕೂಲಿಯವರು ಊರಿಗೆ ಹೋದರು, ಕಟ್ಟಡ ಹಿಂದೆ ಬಿತ್ತು. ಸಾಮಾನು ಬೇಗ ಬಂತು, ಮನೆ ರೆಡಿ ಇಲ್ಲ. ಕೆಲವು ಚೆನ್ನೈ ಬಂದರಿನಿಂದ ಚಿತ್ತೂರು, ಮುಳಬಾಗಿಲು, ಕೋಲಾರದ ದಾರಿಯಲ್ಲಿ ಟ್ರೈಲರ್ ಏರಿ ಬಂದು ನಮ್ಮ ಶೀಟಿನ ಗೋಡೌನಿನಲ್ಲಿ ತಿಂಗಳುಗಟ್ಟಲೆ ನಿಂತವು.

ಅದರಲ್ಲಿ ಹದಿನಾಲ್ಕು ಎಲ್‌ಟಿ ಪ್ಯಾನೆಲ್‌ಗಳಿದ್ದವು. ಆಳೆತ್ತರ ಮೀರಿದ ಬೀರುಗಳ ಹಾಗೆ ಇರುತ್ತವೆ. ಪ್ಲಾಸ್ಟಿಕ್ ಸುತ್ತಿ, ಮರದ ಚೌಕಟ್ಟಿನಲ್ಲಿ ಕೂರಿಸಿದ್ದರು. ನೆಲದಿಂದ ಎತ್ತರಕ್ಕೆ ಪ್ಯಾಲೆಟ್ ಮೇಲಿಟ್ಟಿದ್ದೆ, ಮೇಲೆ ಟಾರ್ಪಾಲು ಹೊದಿಸಿದ್ದೆ. ಸೋರುವ ಶೀಟಿನ ಕೆಳಗಿಂದ ಸರಿಸಿದ್ದೆ. ಇಷ್ಟು ಮಾಡಿ ನನ್ನ ಕೆಲಸ ಆಯಿತು ಅಂದುಕೊಂಡಿದ್ದೆ.

ಸತತ ನಾಲ್ಕನೇ ದಿನದ ಮಳೆ. ಬೆಳಿಗ್ಗೆ ಶಟರ್ ಎತ್ತಿ ಸ್ವಲ್ಪ ಹೊತ್ತಾಗಿತ್ತು. ಕಸ ಗುಡಿಸುವ ಅಕ್ಕ ಪೊರಕೆ ಹಿಡಿದುಕೊಂಡೇ ಟೇಬಲ್ ಹತ್ತಿರ ಬಂದರು.

"ಸಾರ್, ಆ ಮೂಲೇಲಿರೋ ಪೆಟ್ಟಿಗೆ ಬೆವರ್ತಾ ಐತೆ."

"ಮೇಲಿಂದ ಸೋರ್ತಾ ಇದೆಯೇನಕ್ಕಾ?"

"ಇಲ್ಲ ಸಾರ್, ಮೇಲೆಲ್ಲ ಒಣಗೈತೆ. ಒಳಗಿಂದಾನೇ ಬೆವರ್ತೈತೆ. ಬನ್ನಿ ನೋಡಿ."

ಹೋಗಿ ನೋಡಿದೆ. ಪ್ಲಾಸ್ಟಿಕ್‌ನ ಒಳಮೈಯಲ್ಲಿ ಹನಿ ಕಟ್ಟಿತ್ತು. ಪ್ಯಾಕಿಂಗ್ ಬಿಚ್ಚಿದರೆ ವಾರಂಟಿ ತಕರಾರು ಬರುತ್ತದೇನೋ ಅಂತ ಅಲ್ಲಿವರೆಗೆ ಕೈ ಹಚ್ಚಿರಲಿಲ್ಲ. ಆವತ್ತು ಮೇಲಿನವರಿಗೆ ಫೋನ್ ಮಾಡಿ ಹೇಳಿ, ಫೋಟೋ ತೆಗೆದು, ಬ್ಲೇಡಿನಿಂದ ಸೀಳಿದೆ. ಬಾಗಿಲು ತೆಗೆದರೆ ಒಳಗೆ ಒದ್ದೆ ಬಟ್ಟೆ ಮುಚ್ಚಿಟ್ಟಂಥ ವಾಸನೆ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಹನಿಗಳು ಸಾಲಾಗಿ ತೂಗುತ್ತಿದ್ದವು. ತೇವ ಹೀರಲಿ ಅಂತ ಇಟ್ಟಿದ್ದ ಸಿಲಿಕಾ ಜೆಲ್ ಪೊಟ್ಟಣ ಅಂಗೈ ಮೇಲೆ ಇಟ್ಟುಕೊಂಡೆ. ನೀಲಿ ಇರಬೇಕಾದ ಹರಳು ಒಂದೂ ಉಳಿದಿರಲಿಲ್ಲ, ಎಲ್ಲ ತೆಳು ಗುಲಾಬಿ. ಅಂದರೆ ಅದು ಹೀರುವಷ್ಟು ಹೀರಿ ಎಷ್ಟೋ ದಿನವಾಗಿತ್ತು. ನಟ್ಟು ಬೋಲ್ಟುಗಳ ಮೇಲೆ ಸುಣ್ಣದ ಪುಡಿಯಂಥ ಬಿಳಿ ಏಳಲು ಶುರುವಾಗಿತ್ತು. ಹೊಟ್ಟೆಯಲ್ಲಿ ಸಂಕಟವಾಯಿತು.

ರಾತ್ರಿ ಕಬ್ಬಿಣ ತಣ್ಣಗಾಗುತ್ತದೆ. ಬೆಳಿಗ್ಗೆ ಶಟರ್ ಎತ್ತಿದಾಗ ತೇವ ತುಂಬಿದ ಬೆಚ್ಚನೆ ಗಾಳಿ ಒಳಗೆ ಬಂದು ಆ ತಣ್ಣನೆ ಮೈಗೆ ತಾಗಿ ನೀರಾಗುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿ ಕಟ್ಟುವ ಹಾಗೇ. ಇದಕ್ಕೆಂದೇ ಪ್ಯಾನೆಲ್ ಒಳಗೆ ಸಣ್ಣ ಸ್ಪೇಸ್ ಹೀಟರ್ ಇರುತ್ತದೆ. ಗೋಡೌನಿನಲ್ಲಿದ್ದಾಗಲೂ ಅದಕ್ಕೆ ಹೊರಗಿನಿಂದ ಕರೆಂಟ್ ಕೊಟ್ಟು ಒಳಗೆ ಬೆಚ್ಚಗಿಡಬೇಕು ಅಂತ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕೈಪಿಡಿ ಪ್ಯಾನೆಲ್ ಬಾಗಿಲ ಹಿಂದಿನ ಜೇಬಿನಲ್ಲೇ ಇತ್ತು. ಅದೇ ಬಿಚ್ಚದ ಪ್ಯಾಕಿಂಗ್ ಒಳಗೆ.

ಆ ದಿನವಿಡೀ ನಾವು ಬೇರೆ ಏನೂ ಮಾಡಲಿಲ್ಲ. ಎಲೆಕ್ಟ್ರಿಷಿಯನ್ ಒಂದೊಂದು ಪ್ಯಾನೆಲ್‌ನ ಕೆಳಗಿನ ತಟ್ಟೆಯಿಂದ ವೈರ್ ತೂರಿಸಿ ಹೀಟರ್‌ಗೆ ಕೊಟ್ಟರು. ಹಮಾಲರು ಮರದ ಚೌಕಟ್ಟು ಕಳಚಿದರು. ಅಕ್ಕ ಒಣ ಬಟ್ಟೆ ತೆಗೆದುಕೊಂಡು ತಟ್ಟೆ, ಬಾಗಿಲು, ಮೂಲೆ ಒರೆಸುತ್ತಾ ಹೋದರು. ತಾಮ್ರದ ಪಟ್ಟಿಗಳನ್ನು ಮುಟ್ಟಬೇಡಿ ಅಂದೆ. "ಗೊತ್ತು ಸಾರ್, ದೇವರ ಪಾತ್ರೆ ಇದ್ದಂಗೆ ಅಲ್ವಾ" ಅಂದರು. ರಾತ್ರಿ ಎಂಟಕ್ಕೆ ಕರೆಂಟ್ ಹೋಯಿತು. ಹೀಟರ್ ನಿಂತರೆ ಬೆಳಿಗ್ಗೆ ಮತ್ತದೇ ಕಥೆ. ಹೊಸಕೋಟೆಯಲ್ಲಿ ಶಾಮಿಯಾನದವರಿಗೆ ಫೋನ್ ಮಾಡಿದೆ. ಕಾರ್ತಿಕದ ಮದುವೆ ಕಾಲ, ಆದರೂ ಒಂದು ಜನರೇಟರ್ ಉಳಿದಿತ್ತು. ಯಾವ ಛತ್ರಕ್ಕೆ ಅಂತ ಕೇಳಿದರು. ಗೋಡೌನಿಗೆ ಅಂದಾಗ ಅವರಿಗೆ ಆಶ್ಚರ್ಯ, ಆದರೆ ಒಂಬತ್ತೂವರೆಗೆ ತಂದುಕೊಟ್ಟರು.

ಮಾರನೇ ದಿನ ಟೆಸ್ಟಿಂಗ್ ಎಂಜಿನಿಯರ್ ಬಂದು, ಕರೆಂಟ್ ಸೋರದಂತೆ ತಡೆಯುವ ಶಕ್ತಿ ಎಷ್ಟಿದೆ ಅಂತ ಅಳೆಯುವ ಮೆಗ್ಗರ್ ಹಚ್ಚಿದರು. ಮೂಲೆಯ ಪ್ಯಾನೆಲ್‌ನಲ್ಲಿ ಬಂದಿದ್ದು 4 ಮೆಗಾಓಮ್. ಹೊಸ ಪ್ಯಾನೆಲ್‌ಗೆ ಅದು ತೀರಾ ಕಡಿಮೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹೀಟರ್ ಹಾಗೇ ಇರಲಿ, ಬಾಗಿಲು ಸ್ವಲ್ಪ ಸಡಿಲ ಬಿಡಿ, ಬಿಸಿಗಾಳಿ ಮಾತ್ರ ಹೊಡೆಯಬೇಡಿ ಅಂತ ಹೇಳಿ ಹೋದರು. ಮೂರು ದಿನ ಬಿಟ್ಟು ಮತ್ತೆ ಹಚ್ಚಿದಾಗ ಮುಳ್ಳು 300 ದಾಟಿತು. ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಕ್ಲೈಂಟ್‌ಗೆ ಕಳಿಸುವ ವರದಿಯಲ್ಲಿ, ದೋಷ ಮೊದಲು ಕಂಡವರು ಅನ್ನುವ ಜಾಗದಲ್ಲಿ ಅಕ್ಕನ ಹೆಸರನ್ನೇ ಬರೆದೆ.

ಆಮೇಲೆ ಗೋಡೌನಿನ ಪ್ರತಿ ಸಾಮಾನನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ಬ್ಯಾಟರಿಗಳಂತೂ ಸುಮ್ನೆ ಇಟ್ಟರೂ ಚಾರ್ಜ್ ಕಳೆದುಕೊಳ್ಳುತ್ತವೆ. 25 ಡಿಗ್ರಿಯಲ್ಲಿ ಆರು ತಿಂಗಳು ತಡೆಯುವ ಬ್ಯಾಟರಿ, ಇನ್ನೂ 10 ಡಿಗ್ರಿ ಬಿಸಿ ಹೆಚ್ಚಾದರೆ ಮೂರೇ ತಿಂಗಳಿಗೆ ಮತ್ತೆ ಚಾರ್ಜ್ ಕೇಳುತ್ತದೆ. ಶೀಟಿನ ಕೆಳಗೆ ಬೇಸಿಗೆಯಲ್ಲಿ ಎಷ್ಟಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಒಂದೊಂದು ಲಾಟಿಗೂ ಚಾರ್ಜ್ ತಾರೀಖು ಬರೆದು ಅಂಟಿಸಿದೆ. ಬಸ್‌ಡಕ್ಟ್‌ನ ಎರಡೂ ತುದಿಗೆ ಹೊಸದಾಗಿ ಪ್ಲಾಸ್ಟಿಕ್ ಕಟ್ಟಿಸಿದೆ. ಅಕ್ಕ ದಿನಾ ಗುಡಿಸುವ ಮೊದಲು ಅಂಗೈ ಹಿಂಭಾಗವನ್ನು ಒಂದೊಂದು ಪ್ಯಾನೆಲ್‌ಗೆ ತಾಗಿಸಿ, ಬೆಚ್ಚಗಿದೆಯಾ ನೋಡಿ ಬಂದು ಹೇಳುತ್ತಿದ್ದರು.

ಫೆಬ್ರವರಿಯಲ್ಲಿ ಪ್ಯಾನೆಲ್‌ಗಳು ಹೊರಟವು. ಹಗಲು ಊರೊಳಗೆ ದೊಡ್ಡ ಗಾಡಿ ಒಯ್ಯುವುದು ಕಷ್ಟ, ರಾತ್ರಿ ಹನ್ನೊಂದರ ಮೇಲೆ ಟ್ರೈಲರ್ ಬಿಟ್ಟೆವು. ನಾನೂ ಜೊತೆಗೆ ಹೋದೆ. ಸೈಟಿನಲ್ಲಿ ಹೈಡ್ರಾ ಕ್ರೇನ್ ತಯಾರಾಗಿ ನಿಂತಿತ್ತು, ಹುಡುಗರು ಬೆಲ್ಟ್ ಹಿಡಿದುಕೊಂಡು ಹತ್ತಿರ ಬಂದರು. ಇಳಿಸುವ ಮೊದಲು ನಾನು ಕೇಳಿದೆ: "ಹೀಟರ್‌ಗೆ ಕರೆಂಟ್ ಪಾಯಿಂಟ್ ಎಲ್ಲಿ ಕೊಟ್ಟಿದ್ದೀರಪ್ಪಾ, ಮೊದಲು ಅದನ್ನ ತೋರಿಸಿ."