ಇಲ್ಲ, ನಾನು ಮರದಿಂದ ಸೇಬು ಕೀಳಲಿಲ್ಲ

ಹಿಮಾಚಲದ ಠಾಣೇದಾರ್ ಅನ್ನೋ ಊರಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮರದಿಂದ ಕಿತ್ತು ತಿಂದ್ರಾ?" ಆಫೀಸಿನಲ್ಲಿ ಕೇಳಿದರು, ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕೇಳಿದರು, ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. "ಅಷ್ಟು ದೂರ ಹೋಗಿ ಒಂದು ಹಣ್ಣೂ ಕೀಳಲಿಲ್ವಾ? ರಾಶಿ ರಾಶಿ ಇರುತ್ತಲ್ಲ, ಒಂದು ಕಿತ್ತರೆ ಏನಾಗುತ್ತೆ?"

ಏನಾಗುತ್ತೆ ಅಂತ ಇಲ್ಲೇ ಬರೆದುಬಿಡುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಠಾಣೇದಾರ್, ಅದಕ್ಕೆ ಅಂಟಿಕೊಂಡ ಕೋಟ್‌ಗಢ, ಎರಡೂ ಹಿಮಾಚಲದ ಸೇಬಿನ ಊರುಗಳು. ಶಿಮ್ಲಾದಿಂದ ಠಿಯೋಗ್, ನಾರ್ಕಂಡಾ ದಾಟಿ ಹೋಗಬೇಕು. ಆಳದಲ್ಲಿ ಸಟ್ಲೆಜ್ ನದಿ, ಅಲ್ಲಿಂದ ಮೇಲಕ್ಕೆ ಇಳಿಜಾರಿನ ತುಂಬಾ ತೋಟ. ಬೇಲಿ ಎಲ್ಲ ಕಡೆ ಇಲ್ಲ. ರಸ್ತೆಯಲ್ಲಿ ನಿಂತು ಕೈ ಚಾಚಿದರೆ ಹಣ್ಣು ಸಿಗುತ್ತದೆ. ಕೈಗೆ ಸಿಕ್ಕಿದ್ದೆಲ್ಲ ನಮ್ಮದು ಅಂತ ಜನಕ್ಕೆ ಅನ್ನಿಸುವುದು ಅಲ್ಲೇ ಇರಬೇಕು.

ನಾನಿದ್ದದ್ದು ಆಗಸ್ಟ್‌ನಲ್ಲಿ, ಕೊಯ್ಲಿನ ಕಾಲದಲ್ಲಿ. ಎರಡನೇ ದಿನ ಬೆಳಿಗ್ಗೆ ತೋಟದ ಯಜಮಾನರ ಜೊತೆ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಒಂದು ಕಾರು ನಿಂತಿತು. ನಾಲ್ಕು ಜನ ಇಳಿದರು. ಒಬ್ಬ ಕೊಂಬೆ ಜಗ್ಗಿ ಹಿಡಿದ, ಇನ್ನೊಬ್ಬ ಹಣ್ಣನ್ನು ಎಳೆದ, ಮೂರನೆಯವನು ಫೋಟೊ ತೆಗೆದ. ಎರಡೇ ನಿಮಿಷ. ಯಜಮಾನರು ಎದ್ದು ಹೋಗುವಷ್ಟರಲ್ಲಿ ಕಾರು ತಿರುವಿನಲ್ಲಿ ಮರೆಯಾಗಿತ್ತು. ಒಂದೇ ಕಡಿತ ಕಚ್ಚಿ ಬಿಸಾಡಿದ್ದ ಹಣ್ಣು ಚರಂಡಿಯಲ್ಲಿ ಬಿದ್ದಿತ್ತು.

ಅವರು ಬೈಯಲಿಲ್ಲ. ಬಗ್ಗಿ ಮರದ ಬುಡದಿಂದ ಏನನ್ನೋ ಎತ್ತಿಕೊಂಡು ಬಂದು ನನ್ನ ಅಂಗೈ ಮೇಲಿಟ್ಟರು. ಬೆರಳುದ್ದವೂ ಇಲ್ಲದ ಒಂದು ಮೊಂಡು ಕಡ್ಡಿ. ಮೈಯೆಲ್ಲ ಗಂಟು, ಸುಕ್ಕು. ತುದಿಯಲ್ಲಿ ಎರಡು ಮೂರು ಎಲೆ, ಎಲೆಗಳ ನಡುವೆ ಕಡಲೆಕಾಳಿಗಿಂತ ಸಣ್ಣದೊಂದು ಮೊಗ್ಗು.

"ಇದು ಬರುವ ವರ್ಷದ್ದು, ಬೇಟಾ" ಅಂದರು.

ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಸೇಬು ಹೆಚ್ಚಾಗಿ ಬಿಡುವುದು ಈ ಮೊಂಡು ಕಡ್ಡಿಗಳ ಮೇಲೆ. ಈ ವರ್ಷದ ಹಣ್ಣು ಬಲಿಯುತ್ತಿರುವಾಗಲೇ ಮುಂದಿನ ವಸಂತದ ಹೂವು ಅಲ್ಲೇ ಮೊಗ್ಗಿನೊಳಗೆ ತಯಾರಾಗುತ್ತಿರುತ್ತದೆ. ಹಣ್ಣನ್ನು ಹಿಡಿದು ಎಳೆದರೆ ಕಡ್ಡಿಯೂ ಮುರಿದು ಬರುತ್ತದೆ. ಅಂಥದ್ದೊಂದು ಮತ್ತೆ ಹುಟ್ಟಿ ಹಣ್ಣು ಬಿಡಲು ಎರಡು ಮೂರು ವರ್ಷ ಬೇಕು. ಒಂದು ಕಿತ್ತರೆ ಆಗುವುದು ಇದು.

ಕೀಳುವುದು ಹೇಗೆ ಅಂತಲೂ ತೋರಿಸಿದರು. ಹಣ್ಣನ್ನು ಬೆರಳಿನಿಂದ ಹಿಂಡಬಾರದು, ಅಂಗೈಯಲ್ಲಿ ಕೂರಿಸಿಕೊಳ್ಳಬೇಕು. ಕೆಳಗೆ ಜಗ್ಗಬಾರದು. ಮೇಲಕ್ಕೆ ಎತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡಲಿಲ್ಲ ಅಂದರೆ ಅದಿನ್ನೂ ಬಲಿತಿಲ್ಲ. ತೊಟ್ಟು ಕಿತ್ತುಹೋದ ಜಾಗದಲ್ಲಿ ಸಿಪ್ಪೆ ಹರಿದರೆ ಅಲ್ಲಿಂದಲೇ ಕೊಳೆಯಲು ಶುರು, ಪೆಟ್ಟಿಗೆಯಲ್ಲಿರುವ ಪಕ್ಕದ ಹಣ್ಣುಗಳೂ ಹಾಳು. ಕೆಲಸಕ್ಕೆ ಬಂದಿದ್ದ ನೇಪಾಳದ ಹುಡುಗರು ಹೀಗೇ ಒಂದೊಂದಾಗಿ ಬಿಡಿಸಿ, ಬೆನ್ನಿನ ಮೇಲಿನ ಕಿಲ್ಟಾ ಬುಟ್ಟಿಗೆ ತುಂಬಿ, ಆ ಕಡಿದಾದ ಇಳಿಜಾರನ್ನು ಹತ್ತುತ್ತಿದ್ದರು. ಅದನ್ನು ನೋಡಿದ ಮೇಲೆ ಫೋಟೊಗೋಸ್ಕರ ಒಂದು ಕೀಳೋಣ ಅಂತ ಮನಸ್ಸು ಬರಲ್ಲ. ಬಂದರೆ ತಪ್ಪು. ಇನ್ನೊಂದು ಮಾತು: ಆ ಮರಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ದಾರಿಹೋಕರಿಗೆ ಗೊತ್ತಿರುತ್ತಾ?

ಈ ಊರಿಗೆ ಸಿಹಿ ಸೇಬು ತಂದವರು ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್. 1904ರಲ್ಲಿ ಕುಷ್ಠರೋಗಿಗಳ ಸೇವೆಗೆ ಅಂತ ಬಂದವರು ಇಲ್ಲೇ ಮದುವೆಯಾಗಿ ನೆಲೆಸಿದರು. 1916ರ ಹೊತ್ತಿಗೆ ಅಮೆರಿಕದಿಂದ ರೆಡ್ ಡೆಲಿಷಸ್ ಅನ್ನೋ ತಳಿಯ ಸೇಬಿನ ಸಸಿ ತರಿಸಿ ನೆಟ್ಟರು. 1932ರಲ್ಲಿ ಹಿಂದೂ ಧರ್ಮ ಸೇರಿ ಸತ್ಯಾನಂದ ಅನ್ನಿಸಿಕೊಂಡರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ. ಆಗ ಅಲ್ಲಿ ಬೇಗಾರ್ ಇತ್ತು, ಅಂದರೆ ಬಿಟ್ಟಿ ದುಡಿಮೆ. ಸಾಹೇಬರು ಆ ದಾರಿಯಲ್ಲಿ ಬಂದರೆ ರೈತರು ಹೊಲದ ಕೆಲಸ ಬಿಟ್ಟು ಅವರ ಗಂಟುಮೂಟೆ ಹೊರಬೇಕಿತ್ತು. ಬಿತ್ತನೆಯೋ ಕೊಯ್ಲೋ ಯಾರೂ ಕೇಳುತ್ತಿರಲಿಲ್ಲ. ಸ್ಟೋಕ್ಸ್ ಊರಿನವರ ಜೊತೆ ನಿಂತು ಅದರ ವಿರುದ್ಧ ಹೋರಾಡಿದರು. 1921ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೂ ಹಾಕಿತು. ದಾರಿಯಲ್ಲಿ ಹೋಗುವವರು ಊರಿನವರ ದುಡಿಮೆಯನ್ನು ಬಿಟ್ಟಿ ತೆಗೆದುಕೊಳ್ಳುವುದು ಬೇಡ ಅಂತ ಜಗಳ ಮಾಡಿದ ಊರು ಅದು. ಅಲ್ಲಿ ಕಾರು ನಿಲ್ಲಿಸಿ ಕೊಂಬೆ ಜಗ್ಗುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ತಿಂದ್ರಾ ಅಂತ ಕೇಳಿ, ತಿಂದೆ. ನೆಲಕ್ಕೆ ಬಿದ್ದು ಒಂದು ಪಕ್ಕ ಪೆಟ್ಟಾದ ಹಣ್ಣು. ಯಜಮಾನರು ಅಂಗಿಗೆ ಒರೆಸಿ, ಪೆಟ್ಟಾದ ಭಾಗವನ್ನು ಚಾಕುವಿನಿಂದ ತೆಗೆದು ಕೊಟ್ಟರು. ಕಚ್ಚಿದರೆ ಕಟ್ ಅಂತ ಸದ್ದು, ರಸ ಮೊಣಕೈವರೆಗೆ ಇಳಿಯಿತು. ಬರುವಾಗ ಒಂದು ಪೆಟ್ಟಿಗೆ ದುಡ್ಡು ಕೊಟ್ಟು ತಂದೆ. ನೀವೂ ಹೋಗಿ, ಕೇಳಿ, ಕೊಂಡುಕೊಳ್ಳಿ. ಖುಷಿಯಾಗಿ ಕೊಡುತ್ತಾರೆ.

ನಿಜ ಹೇಳಬೇಕೆಂದರೆ, ಯಾರಾದರೂ "ಈ ಸಲ ಅಲ್ಲಿ ಹಿಮ ಬಿತ್ತಾ?" ಅಂತ ಕೇಳಲಿ ಅಂತ ನನಗೆ ಆಸೆ. ಹಿಮ ಅಂದರೆ ನಮಗೆ ಆಟ. ಅಲ್ಲಿ ಅದನ್ನು ಬಿಳಿ ಗೊಬ್ಬರ ಅನ್ನುತ್ತಾರೆ. ಆ ಹಳೆಯ ಡೆಲಿಷಸ್ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಚಳಿ ಒಟ್ಟು 1000 ಗಂಟೆಗೂ ಜಾಸ್ತಿ ಸಿಗಬೇಕು. ಸಿಗದಿದ್ದರೆ ಮರ ಸರಿಯಾಗಿ ನಿದ್ದೆ ಮಾಡಿ ಏಳುವುದಿಲ್ಲ, ಹೂವು ಹಿಂದೆ ಮುಂದೆ ಅರಳುತ್ತದೆ, ಕಾಯಿ ಕಟ್ಟುವುದಿಲ್ಲ. ಹಿಮ ನಿಧಾನಕ್ಕೆ ಕರಗಿದರೆ ಬೇರಿಗೆ ನೀರು. ಬರೀ ಮಳೆ ಬಂದರೆ ಅಷ್ಟೂ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಹೂವಿನ ಕಾಲದಲ್ಲಿ ಆಲಿಕಲ್ಲು ಬಿದ್ದರೆ ಮುಗಿಯಿತು. ಅದಕ್ಕೇ ಈಗ ತೋಟದ ಮೇಲೆಲ್ಲ ಬಲೆ ಕಟ್ಟುತ್ತಾರೆ.

ಜನವರಿಯಲ್ಲಿ ಯಜಮಾನರಿಗೆ ಫೋನ್ ಮಾಡಿದ್ದೆ. ಹೇಗಿದ್ದೀರಿ ಅಂತ ಕೇಳುವ ಮೊದಲೇ ಹಿಮದ ವಿಚಾರ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಫೋನನ್ನು ಕಿಟಕಿಯ ಹತ್ತಿರ ಹಿಡಿದರು. ನನಗೆ ಏನೂ ಕೇಳಿಸಲಿಲ್ಲ.

"ಕೇಳಿಸ್ತಾ? ಮಳೆ ಸದ್ದು ಇಲ್ಲ, ಅಲ್ವಾ" ಅಂದರು. "ರಾತ್ರಿಯಿಂದ ಬೀಳ್ತಾ ಇದೆ."